ನಕ್ಷೆಯಲ್ಲಿ ಇರಬಾರದ ಮನೆ

"ಇದನ್ನ ಬರೆದದ್ದು ಯಾರು?"

ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಆರೂ ಜನ ಒಟ್ಟಿಗೆ ತಲೆ ಎತ್ತಿದರು. ಭಾನುವಾರ ಬೆಳಗ್ಗೆ ಹತ್ತೂವರೆ. ಬಾಗಿಲಲ್ಲಿ ನಿಂತವಳು ಏದುಸಿರು ಬಿಡುತ್ತಿದ್ದಳು. ಕೈಯಲ್ಲಿ ಮೊಬೈಲು ಇತ್ತು. ಕೊರಳಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ನೇತಾಡುತ್ತಿತ್ತು. ಅದನ್ನು ತೆಗೆದಿಡುವಷ್ಟು ವ್ಯವಧಾನವೂ ಇಲ್ಲದೆ ಓಡಿ ಬಂದಿದ್ದಳು.

"ಕೇಳಿಸಲಿಲ್ವಾ? ಈ ಮ್ಯಾಪ್‌ನಲ್ಲಿ, ಇಲ್ಲಿ, 'ಹೆಣ್ಮಕ್ಕಳ ಮನೆ' ಅಂತ ಬರೆದದ್ದು ಯಾರು?"

ಕಿಟಕಿ ಪಕ್ಕದಲ್ಲಿದ್ದವನು ಕೈ ಎತ್ತಿದ. ಮುಖದ ತುಂಬ ನಗು!

"ನಾನೇ! ಸರಿಯಾಗಿದೆ ಅಲ್ವಾ? ಆ ಬೀದಿಯವರೆಲ್ಲ ಹಾಗೇ ಕರೆಯೋದು. ಬೋರ್ಡೂ ಇಲ್ಲ, ಏನೂ ಇಲ್ಲ. ಆದ್ರೂ ಹುಡುಕಿ ಹಾಕಿದೆ ನೋಡಿ."

ಪಾಪ! ಹೊಗಳಲು ಬಂದಿದ್ದಾಳೆ ಎಂದುಕೊಂಡಿದ್ದ.

ಅವಳು ನೇರ ಅವನ ಮೇಜಿನ ಹತ್ತಿರ ಬಂದು, ಬೇರೆಯವರಿಗೆ ಕೇಳದಷ್ಟು ಮೆಲ್ಲಗೆ, ಒಂದೊಂದೇ ಮಾತನ್ನು ಕಚ್ಚಿ ಕಚ್ಚಿ ಹೇಳಿದಳು.

"ಆ ಮನೇಲಿ ಇರೋರನ್ನ ಹುಡುಕ್ತಾ ಇರೋ ಗಂಡಸರಿದ್ದಾರೆ. ಸಿಕ್ಕಿದ್ರೆ ಸುಮ್ಮನೆ ಬಿಡೋರಲ್ಲ. ಬೋರ್ಡ್ ಯಾಕಿಲ್ಲ ಅಂತ ಒಂದು ಸಲ ಯೋಚನೆ ಮಾಡಿದ್ರಾ ನೀವು?"

ಅವನ ನಗು ಅಲ್ಲೇ ಆರಿಹೋಯಿತು.

ಅವನು ನೀರಿನ ಇಲಾಖೆಯ ನೌಕರ. ಮನೆಮನೆಗೆ ಹೋಗಿ ಮೀಟರ್ ಓದುವ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವನ ಹೆಸರು 'ಮೀಟರ್' ಎಂದೇ ಆಗಿತ್ತು. ಐದು ವರ್ಷದಿಂದ ಭಾನುವಾರ ತಪ್ಪದೆ ಈ ಕೋಣೆಗೆ ಬರುತ್ತಿದ್ದ. ಇಲ್ಲಿ ಸೇರುವವರೆಲ್ಲ ಸ್ವಯಂಸೇವಕರು. ಅವರು ಮಾಡುತ್ತಿದ್ದ ನಕ್ಷೆ ಯಾವ ಕಂಪನಿಯದೂ ಅಲ್ಲ. ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ಓಣಿ, ಬಾವಿ, ಮೆಟ್ಟಿಲು ಸೇರಿಸಬಹುದು. ಕಾಗದದಲ್ಲಿರುವ ಹೆಸರಿಗಿಂತ ಜನ ಕರೆಯುವ ಹೆಸರನ್ನೇ ಹಾಕಬೇಕು ಎಂಬುದು ಮೀಟರ್‌ನ ಹಠ.

ಅವಳು ಎರಡು ವರ್ಷದಿಂದ ಆ ಮನೆಯಲ್ಲೇ ಇದ್ದು ಹೊಲಿಗೆ ಕಲಿಸುವವಳು. ಎಲ್ಲರಿಗೂ 'ಟೀಚರ್'. ಏಟು ತಾಳಲಾರದೆ ಉಟ್ಟ ಬಟ್ಟೆಯಲ್ಲಿ ಓಡಿ ಬಂದ ಹನ್ನೆರಡು ಹೆಂಗಸರು ಅಲ್ಲಿದ್ದರು. ಗೇಟಿಗೆ ಸದಾ ಬೀಗ. ಅಂಚೆಯೂ ಬೇರೆ ವಿಳಾಸಕ್ಕೆ ಬರುತ್ತಿತ್ತು. ಆ ಹನ್ನೆರಡು ಜನರಲ್ಲಿ ಒಬ್ಬಳು ಟೀಚರ್‌ನ ಒಡಹುಟ್ಟಿದ ತಂಗಿ. ಆ ಮಾತನ್ನು ಮಾತ್ರ ಅವಳು ಅವನಿಗೆ ಹೇಳಲಿಲ್ಲ.

"ತೆಗೀತೀನಿ. ಈಗಲೇ..." ಮೀಟರ್ ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡ. ಹೆಸರು ಮಾಯವಾಯಿತು. ಮನೆ ಎಲ್ಲ ಮನೆಗಳಂತೆ ಬೂದು ಬಣ್ಣದ ಚೌಕವಾಗಿ ಉಳಿಯಿತು.

ಪರದೆಯ ಮೇಲೆ ಒಂದು ಪುಟ್ಟ ಚೌಕಟ್ಟು ತೆರೆದುಕೊಂಡಿತು. ಏನು ಬದಲಾಯಿಸಿದಿರಿ, ಯಾಕೆ? ನಕ್ಷೆಯ ಪದ್ಧತಿ ಅದು. ಏನು ಮಾಡಿದರೂ ಒಂದು ಸಾಲು ಕಾರಣ ಬರೆಯಬೇಕು. ಅವನು 'ಹೆಸರು ತೆಗೆದೆ' ಎಂದಷ್ಟೇ ಬರೆದ.

"ಇಷ್ಟೇನಾ?" ಅವಳು ಬಗ್ಗಿ ಓದಿದಳು. "ಯಾಕೆ ಅಂತ ಬರೀರಿ. ಇಲ್ದಿದ್ರೆ ನಾಳೆ ನಿಮ್ಮಂಥ ಇನ್ನೊಬ್ಬ ಜಾಣ ಬಂದು ಮತ್ತೆ ಹಾಕ್ತಾನೆ."

"ಬರೀಲಾ?"

"ಬರೀರಿ. ಬಿಡಿಸಿ ಬರೀರಿ."

ಅವನು ಬರೆದ. 'ಇದು ಹೆಣ್ಣುಮಕ್ಕಳ ಆಶ್ರಯದ ಮನೆ. ಗುಟ್ಟಾಗಿರಬೇಕು. ದಯವಿಟ್ಟು ಯಾರೂ ಮತ್ತೆ ಹೆಸರು ಹಾಕಬೇಡಿ.'

ಅವಳು ಓದಿ, ಸಮಾಧಾನದಿಂದ ತಲೆ ಆಡಿಸಿದಳು. ಪಕ್ಕದಲ್ಲಿ ಕೂತಿದ್ದ ನಿವೃತ್ತ ಹೆಡ್‌ಮಿಸ್ಟ್ರೆಸ್ ಕನ್ನಡಕದ ಮೇಲಿನಿಂದ ಇಬ್ಬರನ್ನೂ ನೋಡಿ ತಮ್ಮ ಕೆಲಸಕ್ಕೆ ಮರಳಿದರು. ಆ ಸಾಲನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದು ಎಂಬುದು ಆ ಗಳಿಗೆಯಲ್ಲಿ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ!

* * *

ಮುಂದಿನ ಭಾನುವಾರ ಟೀಚರ್ ಮತ್ತೆ ಬಂದಳು. ಯಾರಾದರೂ ಹೆಸರು ವಾಪಸ್ ಹಾಕಿದ್ದಾರೋ ಎಂದು ನೋಡುವುದಕ್ಕೆ ಮಾತ್ರ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅದರ ಮುಂದಿನ ಭಾನುವಾರವೂ ಬಂದಳು. ಆಗಲೂ ಅದೇ ಕಾರಣ.

ಮೂರನೇ ವಾರ ಹೆಡ್‌ಮಿಸ್ಟ್ರೆಸ್ ಅವಳ ಕೈಗೆ ಕಾಗದ, ಪೆನ್ಸಿಲು ಕೊಟ್ಟರು. "ಕಾವಲು ಕಾಯೋದರ ಜೊತೆಗೆ ನಾಲ್ಕು ಓಣಿನಾದ್ರೂ ಬರ್ಕೊಂಡು ಬಾರಮ್ಮ. ಮೀಟರ್, ಕರ್ಕೊಂಡು ಹೋಗಪ್ಪ."

ಹಾಗೆ ಶುರುವಾಯಿತು ನಡಿಗೆ. ಅವನು ಮುಂದೆ, ಅವಳು ಎರಡು ಹೆಜ್ಜೆ ಹಿಂದೆ. ಎಷ್ಟು ಮೆಟ್ಟಿಲು, ಎಲ್ಲಿ ಗೇಟು, ಎಲ್ಲಿ ಕೂರಲು ಕಲ್ಲು ಬೆಂಚು ಎಂದು ಅವನು ಹೇಳುತ್ತಿದ್ದ, ಅವಳು ಗುರುತು ಹಾಕುತ್ತಿದ್ದಳು.

"ಈ ಮನೆಯಲ್ಲೊಂದು ಕಂದು ನಾಯಿ ಇದೆ. ನನ್ನ ಕಂಡ್ರೆ ಅದಕ್ಕೆ ಏನೋ ಹಳೇ ದ್ವೇಷ," ಎಂದು ಅವನು ರಸ್ತೆ ದಾಟಿದ. "ನಾಯಿಗಳನ್ನೂ ಮ್ಯಾಪ್‌ಗೆ ಹಾಕೋಣ ಅಂದೆ. ಒಪ್ಪಲಿಲ್ಲ. ಅವು ಜಾಗ ಬದಲಾಯಿಸ್ತಾವಂತೆ!"

ಟೀಚರ್ ನಕ್ಕುಬಿಟ್ಟಳು. ಎಷ್ಟು ತಿಂಗಳಾಗಿತ್ತು ಹಾಗೆ ನಕ್ಕು!

ಅವಳದೊಂದು ಅಭ್ಯಾಸವಿತ್ತು. ಯಾವ ಓಣಿಗೆ ಕಾಲಿಟ್ಟರೂ ಮೊದಲ ಪ್ರಶ್ನೆ, "ಇದಕ್ಕೆ ಆ ಕಡೆಯಿಂದ ಹೊರಗೆ ಹೋಗೋ ದಾರಿ ಇದೆಯಾ?" ಮೊದಲು ಅವನು ಸುಮ್ಮನೆ ಉತ್ತರಿಸುತ್ತಿದ್ದ. ಬರಬರುತ್ತಾ ಅವಳು ಕೇಳುವ ಮೊದಲೇ, "ಇದೆ, ಎಡಕ್ಕೆ ತಿರುಗಿದ್ರೆ ದೊಡ್ಡ ರಸ್ತೆ," ಎನ್ನತೊಡಗಿದ. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಕೆದಕುತ್ತಿದ್ದರು. ಇವನು ಕೆದಕುವುದಿಲ್ಲ... ಅವಳ ಮನಸ್ಸು ಮೆತ್ತಗಾದದ್ದು ಅದಕ್ಕೇ. ಗಂಡಸಿನ ಹೆಜ್ಜೆಯ ಸದ್ದು ಕೇಳಿದರೆ ಬೆಚ್ಚುತ್ತಿದ್ದ ತಂಗಿಯನ್ನು ಎದೆಗವಚಿಕೊಂಡು ಎಷ್ಟೋ ದಿನ ಕಳೆದವಳು ಟೀಚರ್. ಇನ್ನು ಯಾವ ಗಂಡಸನ್ನೂ ನಂಬಬಾರದು ಎಂದುಕೊಂಡಿದ್ದಳು. ಈಗ ನೋಡಿದರೆ, ಶನಿವಾರ ಬಂತೆಂದರೆ ನಾಳೆ ಯಾವ ಬಟ್ಟೆ ಹಾಕಿಕೊಳ್ಳಲಿ ಎಂಬ ಚಿಂತೆ!

"ಅಕ್ಕ, ಮ್ಯಾಪ್ ಮಾಡೋಕೆ ಕಿವಿಗೆ ಓಲೆ ಬೇಕಾ?" ಎಂದು ತಂಗಿ ಛೇಡಿಸಿದಳು.

"ಬಾಯಿ ಮುಚ್ಚೆ. ಗುಂಡಿ ಹೊಲಿ," ಎಂದಳು ಟೀಚರ್. ಮುಖ ಮಾತ್ರ ಕೆಂಪಾಗಿತ್ತು.

* * *

ಒಂದು ಬುಧವಾರ ಮಧ್ಯಾಹ್ನ, ಎರಡು ಗಂಟೆ. ಬೀದಿಯ ಕೊನೆಯ ದಿನಸಿ ಅಂಗಡಿಯ ಅಜ್ಜಿಯಿಂದ ಫೋನು ಬಂತು.

"ಟೀಚರ್, ಯಾವನೋ ಬಂದಿದ್ದಾನೆ. ಮೊಬೈಲ್ ಹಿಡ್ಕೊಂಡು ಇಲ್ಲೆಲ್ಲೋ ಹೆಂಗಸರ ಆಶ್ರಮ ಇದೆಯಂತೆ ಅಂತ ಕೇಳ್ತಿದ್ದಾನೆ. ನನಗೆ ಗೊತ್ತಿಲ್ಲ ಅಂದೆ. ಹೋಗ್ತಾನೇ ಇಲ್ಲ..."

ಟೀಚರ್ ಮಹಡಿಯ ಕಿಟಕಿಯ ಪರದೆಯನ್ನು ಒಂದು ಬೆರಳಗಲ ಸರಿಸಿದಳು.

ತಂಗಿಯ ಗಂಡ!

ಬೀದಿಯ ಒಂದೊಂದೇ ಗೇಟನ್ನು ನೋಡುತ್ತ ಅವನು ನಿಧಾನವಾಗಿ ಈ ಕಡೆಗೇ ಬರುತ್ತಿದ್ದ. ಹಿಂದೆ ತಂಗಿ, "ಅಕ್ಕ, ಯಾರು?" ಎಂದಳು. ಉತ್ತರ ಬೇಕಾಗಲಿಲ್ಲ. ಅಕ್ಕನ ಮುಖ ನೋಡಿಯೇ ಅವಳು ಹೊಲಿಗೆ ಯಂತ್ರದ ಕೆಳಗೆ ಮುದುರಿ ಕೂತುಬಿಟ್ಟಳು.

ಮನೆಯನ್ನು ನಡೆಸುತ್ತಿದ್ದ ಹಿರಿಯಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ಅವರು ಒಂದು ಕ್ಷಣವೂ ವ್ಯರ್ಥ ಮಾಡಲಿಲ್ಲ. ಹಿತ್ತಲ ಬಾಗಿಲಿನಿಂದ ತಂಗಿಯನ್ನು ಹೊರಗೆ ಕರೆದುಕೊಂಡು ಹೋಗಿ, ಹಿಂದಿನ ಓಣಿ ದಾಟಿ, ಕಾರಿನಲ್ಲಿ ಕೂರಿಸಿದರು. ಎಲ್ಲಿಗೆ ಎಂದು ಟೀಚರ್‌ಗೂ ಹೇಳಲಿಲ್ಲ. ಪೊಲೀಸರು ಬರುವಷ್ಟರಲ್ಲಿ ಆ ಮನುಷ್ಯ ಹೋಗಿದ್ದ. "ಮತ್ತೆ ಬರ್ತೀನಿ, ಈ ಬೀದೀಲೇ ಇದ್ದಾಳೆ ಅಂತ ಗೊತ್ತು," ಎಂದು ಅಂಗಡಿ ಅಜ್ಜಿಗೆ ಹೇಳಿ ಹೋಗಿದ್ದ.

ಅವನು ಮೊಬೈಲಿನಲ್ಲಿ ತೋರಿಸಿದ್ದೇನೆಂದು ಅಜ್ಜಿ ನೆನಪಿಸಿಕೊಂಡು ಹೇಳಿದಳು. ದೊಡ್ಡಮ್ಮ ಹುಡುಕಿಸಿದರು. ಸಿಕ್ಕಿತು.

'ಇದು ಹೆಣ್ಣುಮಕ್ಕಳ ಆಶ್ರಯದ ಮನೆ. ಗುಟ್ಟಾಗಿರಬೇಕು...'

ಹೆಸರು ಅಳಿಸಿತ್ತು. ಅಳಿಸಿದ ಕಾರಣ ಉಳಿದಿತ್ತು! ಪುಣ್ಯಕ್ಕೆ ಅದು ಮನೆಯ ಗೇಟಿಗೆ ಅಂಟಿರಲಿಲ್ಲ, ಇಡೀ ಬೀದಿಯ ಮೇಲೆ ಹರಡಿದಂತೆ ಕಾಣುತ್ತಿತ್ತು. ಇಲ್ಲದಿದ್ದರೆ ಅವನು ನೇರ ಬಂದು ಬಾಗಿಲು ತಟ್ಟುತ್ತಿದ್ದ.

ಟೀಚರ್ ಆ ಸಾಲನ್ನು ಮತ್ತೊಮ್ಮೆ ಓದಿದಳು. *ಬರೀರಿ... ಬಿಡಿಸಿ ಬರೀರಿ...* ತನ್ನದೇ ದನಿ ಕಿವಿಯಲ್ಲಿ ಗುಂಯ್‌ಗುಟ್ಟಿತು.

* * *

ಭಾನುವಾರ ದೊಡ್ಡಮ್ಮ ಟೀಚರ್‌ನ ಜೊತೆ ಗ್ರಂಥಾಲಯಕ್ಕೇ ಬಂದರು.

"ಇದನ್ನ ಬರೆದವರು ಯಾರಪ್ಪ?"

ಮೀಟರ್ ಎದ್ದು ಬಂದ. ಅವರು ಚಾಚಿದ ಮೊಬೈಲಿನಲ್ಲಿದ್ದ ಸಾಲನ್ನು ಓದಿದ.

"ಯಾರಾದ್ರೂ... ಯಾರಾದ್ರೂ ಬಂದ್ರಾ?"

"ಬಂದಿದ್ದ. ಯಾಕೆ ಬರೆದೆ ಅಂತ ಕೇಳ್ತಿದ್ದೀನಿ."

ಅವನು ಟೀಚರ್‌ನ ಕಡೆ ನೋಡಿದ. ಒಂದೇ ಒಂದು ಕ್ಷಣ.

*ಹೇಳು. ನಾನೇ ಬರೆಸಿದ್ದು ಅಂತ ಹೇಳಿಬಿಡು...* ಅವಳ ಒಳಗೆ ಯಾರೋ ಕೂಗುತ್ತಿದ್ದರು. ಆದರೆ ಆ ಮನೆಯ ನಿಯಮ ಅವಳಿಗೆ ಗೊತ್ತಿತ್ತು. ಮನೆಯ ವಿಷಯ ಹೊರಗೆ ಆಡಿದವರಿಗೆ ಅಲ್ಲಿ ಜಾಗವಿಲ್ಲ. ಈಗ ದಿನಕ್ಕೆ ಐದು ನಿಮಿಷ, ದೊಡ್ಡಮ್ಮನ ಫೋನಿನಲ್ಲಿ, ತಂಗಿಯ ದನಿ ಕೇಳುತ್ತಿದ್ದಳು. ಅದೂ ಹೋದರೆ?

"ಅಳಿಸಿ ಅಂತ ಕೈಮುಗಿದು ಕೇಳ್ಕೊಂಡ್ರೆ ಊರಿಗೆಲ್ಲ ಸಾರಿದ್ದೀರಲ್ಲ!" ಎಂದುಬಿಟ್ಟಳು.

ಅವಳ ಬಾಯಿಂದಲೇ ಬಂತು ಆ ಮಾತು.

ಮೀಟರ್ ತಲೆ ತಗ್ಗಿಸಿದ. "ನಾನೇ ಬರೆದದ್ದು. ತಪ್ಪಾಯ್ತು."

"ಮೀಟರ್ ನೋಡೋ ನೆಪದಲ್ಲಿ ಕಾಂಪೌಂಡ್ ಒಳಗೆ ಬಂದು, ನೋಡಿದ್ದನ್ನೆಲ್ಲ ಊರಿಗೆ ಹಂಚೋದು! ನಿಮ್ಮ ಇಲಾಖೆಗೆ ಬರೀತೀನಿ," ಎಂದರು ದೊಡ್ಡಮ್ಮ.

ಅವನು ತನ್ನ ಲ್ಯಾಪ್‌ಟಾಪ್ ಮುಚ್ಚಿದ.

ದಾರಿಯಲ್ಲಿ ದೊಡ್ಡಮ್ಮ ಕೇಳಿದರು. "ನೀನು ಅವನ ಹತ್ತಿರ ಏನೂ ಹೇಳಿಲ್ಲ ತಾನೆ?"

"ಇಲ್ಲ ದೊಡ್ಡಮ್ಮ."

ಸುಳ್ಳು ಎಷ್ಟು ಸಲೀಸಾಗಿ ಬಂತು!

ಮರುವಾರ ಅವಳು ಒಬ್ಬಳೇ ಗ್ರಂಥಾಲಯಕ್ಕೆ ಹೋದಳು. ಕಿಟಕಿ ಪಕ್ಕದ ಕುರ್ಚಿ ಖಾಲಿ.

"ಅವನು ಇನ್ನು ಬರಲ್ಲವಂತೆ," ಎಂದರು ಹೆಡ್‌ಮಿಸ್ಟ್ರೆಸ್. "ನೀವು ಬಂದು ಹೋದ ದಿನವೇ ಮ್ಯಾಪ್‌ನ ಉಸ್ತುವಾರಿಯವರಿಗೆ ಬರೆದ. ಬೆನ್ನು ಬಿಡದೆ ಬರೆದ. ಆ ಸಾಲನ್ನ ಈಗ ಯಾರಿಗೂ ಕಾಣದ ಹಾಗೆ ಮುಚ್ಚಿದ್ದಾರೆ. ಹೀಗೆ ಬರೀಬೇಕು ಅಂತ ಹೇಳಿದ್ದು ಯಾರು ಅಂತ ಅವರೂ ಕೇಳಿದ್ರು. 'ಯಾರೂ ಇಲ್ಲ, ನಾನೇ' ಅಂದ."

ಟೀಚರ್ ನೆಲ ನೋಡಿದಳು.

"ಅವತ್ತು ನಾನು ಪಕ್ಕದಲ್ಲೇ ಕೂತಿದ್ದೆ ಕಣಮ್ಮ. ನನಗೆ ಕಿವಿ ಚೆನ್ನಾಗೇ ಕೇಳುತ್ತೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೇ ಎಷ್ಟೋ ಚೆನ್ನಾಗಿತ್ತು.

* * *

"ನಿನ್ನ ಅಕ್ಷರ ಚೆನ್ನಾಗಿದೆ. ನಾನು ಹೇಳ್ತೀನಿ, ನೀನು ಬರಿ," ಎಂದು ದೊಡ್ಡಮ್ಮ ಮಂಗಳವಾರ ಕಾಗದ ಮುಂದಿಟ್ಟರು. ನೀರಿನ ಇಲಾಖೆಗೆ ದೂರು.

ಟೀಚರ್ ಬರೆದಳು. ಮಾನ್ಯರೇ ಎಂದು ಬರೆದಳು. ತಮ್ಮ ಇಲಾಖೆಯ ಮೀಟರ್ ಓದುವ ನೌಕರನು ಎಂದು ಬರೆದಳು.

"'ಯಾರೂ ಕೇಳದಿದ್ದರೂ, ತನ್ನ ಸ್ವಂತ ಬುದ್ಧಿಯಿಂದ, ಈ ಮನೆಯ ಗುಟ್ಟನ್ನು ಬಹಿರಂಗಪಡಿಸಿರುತ್ತಾನೆ.' ಬರಿ."

'ಯಾರೂ' ಎಂದು ಬರೆದಳು. ಪೆನ್ನು ಮುಂದೆ ಹೋಗಲಿಲ್ಲ.

ಇದೊಂದು ಸಾಲು ಬರೆದರೆ ಸಾಕು. ಅವನ ಕೆಲಸ ಹೋಗುತ್ತದೆ. ತನ್ನ ಕೆಲಸ ಉಳಿಯುತ್ತದೆ, ಸಂಜೆಯ ಐದು ನಿಮಿಷ ಉಳಿಯುತ್ತದೆ. ಬರೆಯದಿದ್ದರೆ... ತಂಗಿಯ ದನಿ ಮತ್ತೆ ಯಾವತ್ತು ಕೇಳುವುದೋ! ಅಕ್ಷರಗಳು ಮಂಜುಮಂಜಾಗಿ ಕಂಡವು. ಕಾಗದದ ಮೇಲೆ ತಟಕ್ಕನೆ ಒಂದು ಹನಿ ಬಿತ್ತು.

"ಏನಾಯ್ತೇ?"

"ದೊಡ್ಡಮ್ಮ... ಯಾರೂ ಕೇಳದೆ ಬರೆದದ್ದಲ್ಲ. ನಾನೇ ಕೇಳಿದ್ದು. ಅವರು ಎರಡೇ ಪದ ಬರೆದಿದ್ರು. ಬಿಡಿಸಿ ಬರೀರಿ ಅಂತ ಹೇಳಿ ಬರೆಸಿದವಳು ನಾನು. ಅದು ಮೊದಲ ದಿನದಿಂದಲೂ ನನಗೆ ಗೊತ್ತಿತ್ತು."

ದೊಡ್ಡಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತೇ ಹೇಳಿದ್ದಿದ್ರೆ ಚೆನ್ನಾಗಿ ಬೈದು, ಆಮೇಲೆ ಊಟಕ್ಕೆ ಕರೀತಿದ್ದೆ. ನೀನು ಇಷ್ಟು ದಿನ ನನ್ನ ಮುಖ ನೋಡ್ಕೊಂಡು ಸುಮ್ಮನಿದ್ದೆ. ಗುಟ್ಟು ಅವನಿಗೆ ಹೇಳಿದ್ದು ಅಡುಗೆಯವಳೇನೋ ಅಂತ ಅನುಮಾನಿಸಿದೆ ಗೊತ್ತಾ? ಪಾಪ, ಅವಳು ಅತ್ತಳು." ಅವರು ಕಾಗದವನ್ನು ನಾಲ್ಕು ತುಂಡು ಮಾಡಿದರು. "ದೂರು ಕೊಡಲ್ಲ. ಆದ್ರೆ ನಿನ್ನನ್ನ ಇಲ್ಲಿ ಇಟ್ಕೊಳ್ಳೋಕೂ ಆಗಲ್ಲ. ಇಲ್ಲಿರೋರು ನನ್ನ ನಂಬಿ ನಿದ್ದೆ ಮಾಡ್ತಾರೆ ಕಣೇ."

"ನನ್ನ ತಂಗಿ...?"

"ಕ್ಷೇಮವಾಗಿದ್ದಾಳೆ. ನಡೆದದ್ದನ್ನ ಅವಳಿಗೆ ಹೇಳ್ತೀನಿ. ಫೋನ್ ಮಾಡೋದು, ಬಿಡೋದು ಅವಳಿಗೆ ಬಿಟ್ಟದ್ದು."

ಟೀಚರ್ ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದಳು. ಒಂದು ದಿನ ಕಳೆಯಿತು. ಎರಡು, ಮೂರು... ಫೋನು ಸದ್ದೇ ಮಾಡಲಿಲ್ಲ. ಅದನ್ನೇ ದಿಟ್ಟಿಸುತ್ತ ಕೂತು ಕೂತು ಕಣ್ಣು ಉರಿಯತೊಡಗಿತು. ನಾಲ್ಕನೇ ದಿನ ಸಂಜೆ ಗೊತ್ತಿಲ್ಲದ ನಂಬರಿನಿಂದ ಕರೆ.

"ಅಕ್ಕ... ನೀನೇ ಬರೆಸಿದ್ದಾ?"

"ಹೂಂ."

ಬೈದುಬಿಡೇ, ಬೈದುಬಿಡು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಮೂರು ದಿನ ನಿನ್ನ ಹತ್ತಿರ ಮಾತಾಡಬಾರದು ಅಂತಿದ್ದೆ. ಇನ್ನೂ ಕೋಪ ಇದೆ."

"ಇರಲಿ. ಇಟ್ಕೋ."

"ಎಲ್ಲಿದ್ದೀನಿ ಅಂತ ಕೇಳಬೇಡ."

"ಕೇಳಲ್ಲ ಕಣೇ. ಊಟ ಆಯ್ತಾ ಅಂತ ಕೇಳಬಹುದಾ?"

ತಂಗಿ ನಕ್ಕಳೋ ಅತ್ತಳೋ ತಿಳಿಯಲಿಲ್ಲ. ಅಕ್ಕನದೂ ಅದೇ ಸ್ಥಿತಿ.

"ಆ ಮೀಟರ್ ಹತ್ತಿರ ಹೋಗಿ ಹೇಳಿದ್ಯಾ?" ತಂಗಿ ಮೂಗು ಸೇದುತ್ತ ಕೇಳಿದಳು.

"ಯಾವ ಮುಖ ಇಟ್ಕೊಂಡು ಹೋಗಲಿ?"

"ಇರೋದು ಒಂದೇ ಅಲ್ವಾ? ಅದನ್ನೇ ಇಟ್ಕೊಂಡು ಹೋಗು."

* * *

ಮರುದಿನ ಬೆಳಗ್ಗೆ ಮೂರು ಬೀದಿ ಅಲೆದ ಮೇಲೆ ಅವನು ಸಿಕ್ಕಿದ. ಒಂದು ಗೇಟಿನ ಪಕ್ಕ ಮೊಣಕಾಲೂರಿ, ಮೀಟರಿನ ಮುಚ್ಚಳ ತೆಗೆದು, ಗಟ್ಟಿಯಾಗಿ ಓದುತ್ತಿದ್ದ.

"ನಾಲ್ಕು ಸಾವಿರದ ಆರುನೂರ..."

"ನಾನು ಬಂದಿದ್ದೀನಿ," ಎಂದಳು.

ಅವನಿಗೆ ಮುಂದಿನ ಅಂಕಿ ಮರೆತುಹೋಯಿತು. ಎದ್ದು ನಿಂತು, ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಯಿತು. ಆದರೂ ಹೇಳಿದಳು.

"ಬರೀರಿ ಅಂದವಳು ನಾನೇ ಅಂತ ಅವತ್ತು ನನಗೆ ನೆನಪಿತ್ತು. ಮರೆತು ಅಂದದ್ದಲ್ಲ. ಗೊತ್ತಿದ್ದೂ ನಿಮ್ಮ ತಲೆಗೆ ಕಟ್ಟಿದೆ."

"ಗೊತ್ತು."

"ಗೊತ್ತಾ! ಮತ್ತೆ ಯಾಕೆ ಸುಮ್ಮನಿದ್ರಿ?"

"ನಿಮ್ಮ ಮುಖ ನೋಡಿದೆ. ಆ ಮನೇಲಿ ನಿಮ್ಮವರು ಯಾರೋ ಇದ್ದಾರೆ ಅನ್ನಿಸ್ತು. ನೀವು ಅಲ್ಲಿಂದ ಹೊರಗೆ ಬಂದ್ರೆ ಅವರ ಗತಿ ಏನು ಅಂತ..." ಅವನು ಮೀಟರಿನ ಮುಚ್ಚಳವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. "ನಾನೇನು ದೊಡ್ಡ ಮನುಷ್ಯ ಅಲ್ಲ ಟೀಚರ್. ಕೋಪ ಬಂತು. ಎರಡು ದಿನ ಊಟ ಸೇರಲಿಲ್ಲ. ಆದ್ರೆ ಅಲ್ಲಿ ಬರೆದದ್ದನ್ನ ಎಲ್ಲರೂ ಓದಬಹುದು ಅಂತ ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಐದು ವರ್ಷ ಅದನ್ನೇ ಮಾಡಿದ್ದೀನಿ. ಆ ತಪ್ಪು ನಂದೇ."

"ಬಂದವನು ನನ್ನ ತಂಗಿಯ ಗಂಡ," ಎಂದಳು ಟೀಚರ್.

ಅವನು ಕಣ್ಣು ಮುಚ್ಚಿಕೊಂಡ. "ಅವರು...?"

"ಕ್ಷೇಮವಾಗಿದ್ದಾಳೆ. ಎಲ್ಲಿ ಅಂತ ನನಗೂ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ದೂರು ಹರಿದು ಹಾಕಿದ್ರು. ನನ್ನನ್ನ ಕೆಲಸದಿಂದ ತೆಗೆದ್ರು."

"ಅಯ್ಯೋ! ಯಾಕೆ ಹೇಳಿದ್ರಿ? ನಾನು ಹೇಗೋ..."

"ಹೇಗೋ ಅಂದ್ರೆ? ನಿಮ್ಮ ಕೆಲಸ ಕಳೆದು, ನಾನು ಅಲ್ಲಿ ಕೂತು ಗುಂಡಿ ಹೊಲೀಲಾ?" ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಿಮ್ಮನ್ನ ಇಷ್ಟಪಟ್ಟಿದ್ದೆ. ಅದಕ್ಕೇ ತಡಕೊಳ್ಳೋಕೆ ಆಗಲಿಲ್ಲ. ಬೇರೆ ಯಾರೇ ಆಗಿದ್ರೂ ಆ ಕಾಗದ ಬರೆದುಬಿಡ್ತಿದ್ದೆನೋ ಏನೋ..."

ಬೀದಿಯಲ್ಲಿ ಒಂದು ಸೈಕಲ್ ಹಾದುಹೋಯಿತು. ಅದು ತಿರುವು ದಾಟುವ ತನಕ ಅವನು ಕಾದ.

"ಇಷ್ಟಪಟ್ಟಿದ್ದೆ ಅಂದ್ರಿ. ಈಗ?"

ಅವಳು ಕಣ್ಣೊರೆಸಿಕೊಂಡಳು. "ಈಗ ಇನ್ನೂ ಜಾಸ್ತಿಯಾಗಿದೆ. ಏನು ಮಾಡ್ಲಿ?"

"ನನಗೂ," ಎಂದ ಅವನು. ಅಷ್ಟೇ ಹೇಳುವಷ್ಟರಲ್ಲಿ ಬೆವರಿಬಿಟ್ಟಿದ್ದ. "ಮೊದಲ ದಿನ ನೀವು ಬೈದಾಗಿನಿಂದ."

ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ತೆರೆದ ಮೀಟರ್ ಗುಂಡಿಯನ್ನೇ ನೋಡುತ್ತ ನಿಂತರು.

ಎರಡು ವರ್ಷದಿಂದ ಟೀಚರ್ ತಾನಿರುವ ಜಾಗವನ್ನು ಯಾರಿಗೂ ಹೇಳಿರಲಿಲ್ಲ. ಸಂಬಂಧಿಕರಿಗೂ ಇಲ್ಲ, ಗೆಳತಿಯರಿಗೂ ಇಲ್ಲ. ಈಗ ತಲೆ ಎತ್ತಿ ಅವನನ್ನೇ ನೋಡಿದಳು.

"ಸೈಕಲ್ ರಿಪೇರಿ ಅಂಗಡಿ ಗೊತ್ತಲ್ವಾ, ಬಸ್ ಡಿಪೋ ಹಿಂದೆ? ಅದರ ಮೇಲೆ, ಎರಡನೇ ಮಹಡಿ. ಹಸಿರು ಬಾಗಿಲು. ನಾನು ಈಗ ಅಲ್ಲಿರೋದು."

ಅವನ ಕೈ ಅಭ್ಯಾಸಬಲದಿಂದ ಜೇಬಿನ ಪೆನ್ನಿನ ಕಡೆ ಹೋಯಿತು. ಅರ್ಧ ದಾರಿಯಲ್ಲಿ ನಿಂತು, ವಾಪಸ್ ಕೆಳಗಿಳಿಯಿತು.

"ಬರ್ಕೊಳ್ಳಲ್ವಾ?" ಎಂದಳು.

"ಇಲ್ಲ," ಎಂದ ಅವನು. "ನೆನಪಿಟ್ಕೊಳ್ತೀನಿ."